ಪೆಟ್ಟಿಗೆಯ ಮೇಲಿನ ಚೀಟಿ

ಮುಂಬಯಿಯ ಒಂದು ಹಣಕಾಸು ಸಂಸ್ಥೆಯಲ್ಲಿ ಕೆಲವು ವರ್ಷಗಳ ಹಿಂದೆ ನಾನು ಕಂಡದ್ದು. ರಾತ್ರಿ ಹನ್ನೆರಡರಿಂದ ಬೆಳಗಿನ ಐದೂವರೆಯೊಳಗೆ ದಾಖಲಾದ ವ್ಯವಹಾರಗಳೆಲ್ಲ ಹಿಂದಿನ ದಿನದ ತಾರೀಖು ಹೊತ್ತು ಬರತೊಡಗಿದವು. ಐದೂವರೆ ದಾಟಿದರೆ ತಾರೀಖು ತಾನಾಗಿ ಸರಿಹೋಗುತ್ತಿತ್ತು. ಅದೇ ವಾರ ಗ್ರಾಹಕರಿಗೆ ಹೋದ ಲೆಕ್ಕಪತ್ರಗಳಲ್ಲಿ ರೂಪಾಯಿ ಚಿಹ್ನೆ ಇರಬೇಕಾದ ಕಡೆ ಖಾಲಿ ಚೌಕ. ಹೆಸರನ್ನು ಮರಾಠಿಯಲ್ಲೋ ಕನ್ನಡದಲ್ಲೋ ಕೊಟ್ಟಿದ್ದವರ ಪಾಲಿಗೆ ಇಡೀ ಹೆಸರೇ ಚೌಕಗಳ ಸಾಲು.

ಪ್ರೋಗ್ರಾಮಿನ ಒಂದು ಸಾಲನ್ನೂ ಯಾರೂ ಮುಟ್ಟಿರಲಿಲ್ಲ. ಹತ್ತಾರು ವರ್ಷ ನೆಲಮಾಳಿಗೆಯ ಸರ್ವರಿನಲ್ಲಿ ಕೂತಿದ್ದ ಅದನ್ನು ಎತ್ತಿ ಒಂದು ಕಂಟೇನರಿಗೆ, ಅಂದರೆ ಪ್ರೋಗ್ರಾಮು ಓಡಲು ಬೇಕಾದದ್ದನ್ನು ಜೊತೆಗೇ ಹೊತ್ತಿರುವ ಸಾಫ್ಟ್‌ವೇರ್ ಪೆಟ್ಟಿಗೆಗೆ, ಹಾಕಿದ್ದರು, ಅಷ್ಟೆ. ಯಾವ ಕಂಟೇನರ್ ಎಂಬುದನ್ನು ಆರಿಸಿದ್ದು ಒಂದು ಸಾಧನ. ಭಾಷೆ ಜಾವಾ, ಆವೃತ್ತಿ 8, ಡೇಟಾಬೇಸ್ ಇಂಥದ್ದು ಎಂದೆಲ್ಲ ಓದಿಕೊಂಡು ಅದು ಹೊಂದುವ ಪೆಟ್ಟಿಗೆಯನ್ನು ಸೂಚಿಸಿತ್ತು. ಚೀಟಿಯಲ್ಲಿ ಬರೆದದ್ದೆಲ್ಲ ಸರಿಯಾಗಿಯೇ ಹೊಂದಿತ್ತು. ಹಳೆಯ ಸರ್ವರಿನ ಗಡಿಯಾರವನ್ನು ಯಾರೋ ಎಂದೋ ಭಾರತದ ಸಮಯಕ್ಕೆ ತಿರುಗಿಸಿಟ್ಟಿದ್ದರು, ಇನ್ಯಾರೋ ಅದರೊಳಗೆ ಅಕ್ಷರವಿನ್ಯಾಸಗಳನ್ನು ತುಂಬಿಟ್ಟಿದ್ದರು. ಆ ಎರಡು ಸಂಗತಿ ಯಾವ ಚೀಟಿಯಲ್ಲೂ ಇರಲಿಲ್ಲ. ಹೊಸ ಪೆಟ್ಟಿಗೆಗಳು ಸಾಮಾನ್ಯವಾಗಿ ಗ್ರೀನಿಚ್ ಸಮಯದಲ್ಲೇ ಏಳುತ್ತವೆ, ಹಗುರವಾಗಿರಲೆಂದು ಫಾಂಟುಗಳನ್ನು ಬಿಟ್ಟೇ ಬಂದಿರುತ್ತವೆ. ಐದೂವರೆ ಗಂಟೆಯ ಲೆಕ್ಕ ಹೊಳೆದದ್ದು ಎರಡು ದಿನ ಕಳೆದ ಮೇಲೆ, ಅದೂ ಚಹಾ ಕುಡಿಯುತ್ತಿದ್ದಾಗ.

ಅಪ್ಲಿಕೇಶನ್ನಿನ ಬಿಡಿಭಾಗಗಳಿಗೆ ತಕ್ಕ ಕಂಟೇನರನ್ನು ಯಂತ್ರವೇ ಹುಡುಕಿ ಹೊಂದಿಸಬಹುದೇ ಎಂಬ ಪ್ರಶ್ನೆಗೆ ಈಗ ಕಾಲು ಶತಮಾನದ ಇತಿಹಾಸವಿದೆ. ಅದನ್ನು ಬಗೆಹರಿಸಿದ್ದೇವೆ ಎಂದು ಹೇಳಿಕೊಂಡು ಬಂದ ಸಾಧನಗಳೂ ಸಾಕಷ್ಟಿವೆ. ಮುಂಬಯಿಯಲ್ಲಿ ನಿಂತು ಈ ಪ್ರಶ್ನೆಯನ್ನು ನೋಡಲು ಕಾರಣವಿದೆ. ಹಳೆಯ ಬ್ಯಾಂಕುಗಳು, ಎರಡು ದೊಡ್ಡ ಷೇರು ವಿನಿಮಯ ಕೇಂದ್ರಗಳು, ಪಾವತಿ ನಿಗಮ, ಇವಕ್ಕೆಲ್ಲ ನಿಯಮ ಬರೆಯುವ ರಿಸರ್ವ್ ಬ್ಯಾಂಕ್ ಮತ್ತು ಸೆಬಿ, ಜೊತೆಗೆ ಐರೋಲಿಯಿಂದ ಪನ್ವೇಲ್‌ವರೆಗೆ ಸಾಲುಗಟ್ಟಿದ ಡೇಟಾ ಸೆಂಟರುಗಳು ಇಲ್ಲಿ ಒಂದೇ ಖಾರಿಯ ಆಚೀಚೆ ಇವೆ. ಅದೇ ಖಾರಿಯ ಆಚೆ ದಡದಲ್ಲಿ ನಿಜವಾದ ಕಬ್ಬಿಣದ ಕಂಟೇನರುಗಳ ನ್ಹಾವಾ ಶೇವಾ ಬಂದರೂ ಇದೆ.

ಕಬ್ಬಿಣದ ಪೆಟ್ಟಿಗೆಯಿಂದಲೇ ಹೊರಡೋಣ, ಹೆಸರು ಬಂದದ್ದು ಅಲ್ಲಿಂದ. 1956ರ ಏಪ್ರಿಲ್ 26ರಂದು ಮಾಲ್ಕಮ್ ಮೆಕ್ಲೀನ್‌ನ ‘ಐಡಿಯಲ್ ಎಕ್ಸ್’ ಹಡಗು 58 ಪೆಟ್ಟಿಗೆಗಳನ್ನು ಹೊತ್ತು ಅಮೆರಿಕದ ನ್ಯೂಆರ್ಕ್‌ನಿಂದ ಹ್ಯೂಸ್ಟನ್‌ಗೆ ಹೊರಟಿತು. ಒಳಗೆ ಏನಿದೆ ಎಂದು ಕ್ರೇನಿಗೆ ಗೊತ್ತಿರಬೇಕಿಲ್ಲ ಎಂಬುದೇ ಅದರ ಜಾಣತನ. 1989ರ ಮೇ ತಿಂಗಳಲ್ಲಿ ನ್ಹಾವಾ ಶೇವಾ ಶುರುವಾದ ಮೇಲೆ ಮುಂಬಯಿಯ ಹಳೆಯ ಹಡಗುಕಟ್ಟೆಗಳ ಕೆಲಸ ಖಾರಿ ದಾಟಿತು. 2023–24ರಲ್ಲಿ ಅಲ್ಲಿ ಸುಮಾರು 64 ಲಕ್ಷ ಪೆಟ್ಟಿಗೆಗಳು, ಇಪ್ಪತ್ತಡಿಯ ಲೆಕ್ಕದಲ್ಲಿ, ಕೈಬದಲಾದವು. 2013ರಲ್ಲಿ ಬಂದ ಸಾಫ್ಟ್‌ವೇರ್ ಕಂಟೇನರ್ ಸಾಧನಕ್ಕೆ ‘ಡಾಕರ್’ ಎಂದು, ಅಂದರೆ ಬಂದರಿನ ಹಮಾಲನೆಂದು, ಹೆಸರಿಟ್ಟರು. ಆ ಪೆಟ್ಟಿಗೆಗಳನ್ನು ನೂರಾರು ಸರ್ವರುಗಳ ಮೇಲೆ ಹಂಚಲು ಗೂಗಲ್ 2014ರಲ್ಲಿ ಹೊರಗೆ ಬಿಟ್ಟ ವ್ಯವಸ್ಥೆಯ ಹೆಸರು ‘ಕುಬರ್ನೆಟೀಸ್’, ಗ್ರೀಕ್ ಭಾಷೆಯಲ್ಲಿ ಚುಕ್ಕಾಣಿ ಹಿಡಿಯುವವ. ಹೆಸರಿನಲ್ಲಿ ಇಷ್ಟೆಲ್ಲ ಕಡಲಿದ್ದರೂ ಸಾಫ್ಟ್‌ವೇರ್ ಪೆಟ್ಟಿಗೆಗೆ ಕಬ್ಬಿಣದ ಪೆಟ್ಟಿಗೆಯ ಗಡಸುತನವಿಲ್ಲ. ಒಂದೇ ಯಂತ್ರದ ಮೇಲಿರುವ ಕಂಟೇನರುಗಳೆಲ್ಲ ಆ ಯಂತ್ರದ ಒಂದೇ ಕರ್ನೆಲ್ಲನ್ನು, ಅಂದರೆ ಕಾರ್ಯಾಚರಣ ವ್ಯವಸ್ಥೆಯ ತಿರುಳನ್ನು, ಹಂಚಿಕೊಳ್ಳುತ್ತವೆ. ಚಾಳಿನಲ್ಲಿ ಬಾಗಿಲು ಬೇರೆ ಬೇರೆ, ನಲ್ಲಿ ಒಂದೇ, ಹಾಗೆ. ಐಬಿಎಮ್ಮಿನ ಎಐಎಕ್ಸ್ ಎಂಬ ಬೇರೆಯೇ ಕಾರ್ಯಾಚರಣ ವ್ಯವಸ್ಥೆಯ ಮೇಲೆ ಬೆಳೆದ ಬ್ಯಾಂಕಿನ ಪ್ರೋಗ್ರಾಮನ್ನು ಲಿನಕ್ಸ್ ಕಂಟೇನರಿಗೆ ಹಾಗೇ ಎತ್ತಿ ಹಾಕಲು ಆಗದಿರುವುದು ಇದರಿಂದಲೇ.

ಹೊಂದಿಸುವುದು ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಕೆಲಸಗಳು ಅಡಗಿವೆ. ಈ ಘಟಕಕ್ಕೆ ಯಾವ ಬಗೆಯ ಪೆಟ್ಟಿಗೆ ಬೇಕು? ಆ ಪೆಟ್ಟಿಗೆಗೆ ಎಷ್ಟು ಜಾಗ ಕೊಡಬೇಕು? ಅದನ್ನು ಯಾವ ಯಂತ್ರದ ಮೇಲೆ ಇಳಿಸಬೇಕು? ಚರ್ಚೆಗಳಲ್ಲಿ ಇವನ್ನು ಕಲಸಿಬಿಡುವುದರಿಂದ ಒಂದರಲ್ಲಿ ಸಿಕ್ಕ ಗೆಲುವನ್ನು ಇನ್ನೊಂದರ ಲೆಕ್ಕಕ್ಕೆ ಬರೆದುಕೊಳ್ಳುವವರು ಹೆಚ್ಚು.

ಮೊದಲ ಕೆಲಸದ ಕಥೆ ಡಾಕರಿಗಿಂತ ಹಳೆಯದು. 1999ರ ಕೊನೆಯಲ್ಲಿ ಬಂದ ಜೆ2ಇಇ ಮಾನದಂಡದಲ್ಲೇ ‘ಕಂಟೇನರ್’ ಎಂಬ ಮಾತಿತ್ತು. ವೆಬ್ ಪುಟ ಕೊಡುವ ಘಟಕಕ್ಕೆ ಒಂದು ಕಂಟೇನರ್, ವ್ಯವಹಾರದ ಲೆಕ್ಕ ನೋಡುವ ಘಟಕಕ್ಕೆ ಇನ್ನೊಂದು, ಜೊತೆಗೆ ಯಾವುದಕ್ಕೆ ಏನು ಬೇಕೆಂದು ಬರೆದ ವಿವರಣ ಕಡತ. ಅಂಧೇರಿಯ ಸೀಪ್ಜ್ ರಫ್ತು ವಲಯ ಮತ್ತು ಸುತ್ತಲಿನ ಕಚೇರಿಗಳಲ್ಲಿ ಈ ಕಡತಗಳನ್ನು ಕೈಯಲ್ಲಿ ಬರೆದು ಕಣ್ಣು ಹಾಳುಮಾಡಿಕೊಂಡ ಒಂದು ತಲೆಮಾರೇ ಇದೆ. ಸಿಟಿಕಾರ್ಪ್ ನಂಟಿನಿಂದ ಮುಂಬಯಿಯಲ್ಲಿ ಹುಟ್ಟಿ ಐ-ಫ್ಲೆಕ್ಸ್ ಆಗಿ, 2008ರಲ್ಲಿ ಒರಾಕಲ್ ಫೈನಾನ್ಶಿಯಲ್ ಸರ್ವೀಸಸ್ ಎಂದು ಹೆಸರು ಬದಲಿಸಿಕೊಂಡ ಕಂಪನಿಯ ಫ್ಲೆಕ್ಸ್‌ಕ್ಯೂಬ್, ಟಿಸಿಎಸ್‌ನ ಬ್ಯಾಂಕ್ಸ್, ನಮ್ಮ ಬೆಂಗಳೂರಿನ ಇನ್ಫೋಸಿಸ್‌ನ ಫಿನಾಕಲ್ ಈ ನಗರದ ಬ್ಯಾಂಕುಗಳ ಹೊಟ್ಟೆಯೊಳಗೆ ಕೂತಿವೆ. ಇಂದು ಕ್ಲೌಡಿಗೆ ಹೋಗಬೇಕೆನ್ನುವ ಬ್ಯಾಂಕು ಇಂಥ ದೊಡ್ಡ ಮರದ ಸುತ್ತ ಬಳ್ಳಿಯಂತೆ ಬೆಳೆದ ನೂರಾರು ಸಣ್ಣ ಪ್ರೋಗ್ರಾಮುಗಳಿಗೂ ಜಾಗ ಹುಡುಕಬೇಕು.

ಹುಡುಕುವ ಹಾದಿಗಳಲ್ಲಿ ಒಂದು, ಬೇಡಿಕೆಯನ್ನು ಮೊದಲೇ ವಿಧಿವತ್ತಾಗಿ ಬರೆಸುವುದು. 2013ರಲ್ಲಿ ಓಯಸಿಸ್ ಸಂಸ್ಥೆ ಪ್ರಕಟಿಸಿದ ಟೋಸ್ಕಾ ಮಾನದಂಡದಲ್ಲಿ ಪ್ರತಿ ಘಟಕವೂ ತನಗೆ ಬೇಕಾದದ್ದನ್ನು, ಪ್ರತಿ ನೆಲೆಯೂ ತಾನು ಕೊಡಬಲ್ಲದ್ದನ್ನು ಹೇಳಿಕೊಳ್ಳುತ್ತದೆ. ಯಂತ್ರ ಜಾತಕ ಕೂಡಿಸಿದರಾಯಿತು. ಕಾಗದದ ಮೇಲೆ ಇದಕ್ಕಿಂತ ಚೊಕ್ಕ ಉಪಾಯವಿಲ್ಲ. ಆದರೆ ಜಾತಕ ಬರೆಯುವವರು ಯಾರು? ಬಿಡುವಿಲ್ಲದ ಎಂಜಿನಿಯರ್ ನೂರು ಸಾಲಿನ ಪ್ರೋಗ್ರಾಮಿಗೆ ಇನ್ನೂರು ಸಾಲಿನ ವಿವರಣೆ ಬರೆಯಲಾರ. ಬರೆದರೂ ಆರು ತಿಂಗಳಲ್ಲಿ ಪ್ರೋಗ್ರಾಮು ಮುಂದೆ ಹೋಗಿ ವಿವರಣೆ ಹಿಂದೆ ಉಳಿಯುತ್ತದೆ.

ಇನ್ನೊಂದು ಹಾದಿಯಲ್ಲಿ ಯಾರನ್ನೂ ಕೇಳುವುದೇ ಇಲ್ಲ, ಸೀದಾ ಮೂಲ ಕಡತಗಳನ್ನೇ ನೋಡುತ್ತಾರೆ. 2011ರಲ್ಲಿ ಹೆರೋಕು ಕಂಪನಿ ತಂದ ‘ಬಿಲ್ಡ್‌ಪ್ಯಾಕ್’ಗಳು ಹೀಗೆ ಕೆಲಸ ಮಾಡುತ್ತವೆ. ಒಂದೊಂದು ಬಿಲ್ಡ್‌ಪ್ಯಾಕೂ ಬಂದು ‘ಇದು ನನ್ನ ಭಾಷೆಯದೇ?’ ಎಂದು ನೋಡುತ್ತದೆ. ಪೈಥಾನಿನ ಅವಲಂಬನೆಗಳ ಪಟ್ಟಿ ಕಂಡರೆ ಪೈಥಾನಿನದು ಕೈ ಎತ್ತುತ್ತದೆ, ಜಾವಾದ ಮೇವೆನ್ ಕಡತ ಕಂಡರೆ ಜಾವಾದ್ದು. ಕೈ ಎತ್ತಿದವರ ಮೊದಲ ಗುಂಪಿಗೆ ಕೆಲಸ. 2018ರಲ್ಲಿ ಪಿವೋಟಲ್ ಮತ್ತು ಹೆರೋಕು ಸೇರಿ ಇದನ್ನು ಎಲ್ಲ ಕಡೆ ನಡೆಯುವಂತೆ ಮಾಡಿದವು. ಹೊಸದಾಗಿ, ಶಿಸ್ತಾಗಿ ಬರೆದ ಅಪ್ಲಿಕೇಶನ್ನುಗಳಿಗೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ ಎಂದೇ ನನ್ನ ಎಣಿಕೆ. ಪೊವಾಯಿಯ ಹೊಸ ಕಂಪನಿಯಲ್ಲಿ ನಾಲ್ಕು ಹುಡುಗರು ಕಳೆದ ವರ್ಷ ಬರೆದ ಪ್ರೋಗ್ರಾಮು ತನ್ನ ಗುರುತನ್ನು ತಾನೇ ಹೊತ್ತಿರುತ್ತದೆ.

ತೊಡಕು ಇರುವುದು ಹಳೆಯ ಬ್ಯಾಂಕಿನಲ್ಲಿ. ಅಲ್ಲಿ ಎಷ್ಟೋ ವೇಳೆ ಮೂಲ ಕಡತವೇ ಸಿಗುವುದಿಲ್ಲ. ಸಿಗುವುದು ಒಂದು ಎಕ್ಸೆಲ್ ಪಟ್ಟಿ. ಒಂದು ಸಾಲಿನಲ್ಲಿ ‘ಒರಾಕಲ್ 11ಜಿ’, ಇನ್ನೊಂದರಲ್ಲಿ ‘ಓರಾ 11’, ಮತ್ತೊಂದರಲ್ಲಿ ಬರೀ ‘ಡಿಬಿ’. ‘ವೆಬ್‌ಸ್ಫಿಯರ್’ ಎಂದಷ್ಟೇ ಬರೆದಿದ್ದರೆ ಆ ಹೆಸರಿನ ಅಪ್ಲಿಕೇಶನ್ ಸರ್ವರೋ ಸಂದೇಶ ಸಾಗಿಸುವ ಎಂಕ್ಯೂ ಸರಕೋ ಹೇಳುವಂತಿಲ್ಲ. ಐಬಿಎಂ ಸಂಶೋಧಕರು 2021ರ ಹೊತ್ತಿಗೆ ಮುಂದಿಟ್ಟ ಕಂಟೇನರ್ ಸಲಹೆಗಾರ ಈ ಕೊಳಕಿಗೇ ಕೈಹಾಕಿತು, ಅದೇ ಅದರ ಹೆಚ್ಚುಗಾರಿಕೆ. ಅಡ್ಡಾದಿಡ್ಡಿ ಬರೆದ ಹೆಸರುಗಳನ್ನು ತನ್ನ ಜ್ಞಾನಕೋಶದ ಒಂದೊಂದು ನಿಶ್ಚಿತ ಹೆಸರಿಗೆ ಅದು ಜೋಡಿಸುತ್ತದೆ, ಆವೃತ್ತಿಯನ್ನು ಬಿಡಿಸುತ್ತದೆ, ಆಮೇಲೆ ಸಾರ್ವಜನಿಕ ಉಗ್ರಾಣಗಳಲ್ಲಿರುವ ಇಮೇಜುಗಳಲ್ಲಿ, ಅಂದರೆ ಕಂಟೇನರುಗಳ ಸಿದ್ಧ ಅಚ್ಚುಗಳಲ್ಲಿ, ಯಾವುದು ಹೊಂದುತ್ತದೆಂದು ಸೂಚಿಸುತ್ತದೆ. ಇಡಿಯಾಗಿ ಕಂಟೇನರಿಗೆ ಹಾಕಬಹುದು, ಅರ್ಧ ಹಾಕಬಹುದು, ಇದ್ದಲ್ಲೇ ಬಿಡುವುದು ಮೇಲು ಎಂದು ಮೂರು ಬಗೆಯ ಉತ್ತರ ಕೊಡುತ್ತದೆ. ಆ ಸಾಲಿನ ಸಾಧನಗಳು ಈಗ ಕಾನ್ವೇಯರ್ ಎಂಬ ಮುಕ್ತ ಯೋಜನೆಯಡಿ ಇವೆ. ‘ಇದ್ದಲ್ಲೇ ಬಿಡಿ’ ಎನ್ನುವ ಯಂತ್ರ ನನಗೆ ಇಷ್ಟ, ಸಲಹೆ ಮಾರುವ ಮನುಷ್ಯರ ಬಾಯಲ್ಲಿ ಆ ಮಾತು ಅಪರೂಪ. ಈಚೆಗೆ ದೊಡ್ಡ ಭಾಷಾ ಮಾದರಿಗಳನ್ನು ಕೇಳಿ ಕಂಟೇನರಿನ ಕಡತ ಬರೆಸಿಕೊಳ್ಳುವುದೂ ರೂಢಿಯಾಗಿದೆ. ಬರೆದು ಕೊಡುತ್ತವೆ, ಎಷ್ಟೋ ಸಲ ಓಡುತ್ತದೆ ಕೂಡ. ಓಡಿತು ಎಂದರೆ ಹೊಂದಿತು ಎಂದಲ್ಲ. ನಮ್ಮ ತಾರೀಖಿನ ಪ್ರೋಗ್ರಾಮೂ ಚೆನ್ನಾಗಿಯೇ ಓಡುತ್ತಿತ್ತು.

ಹೆಸರು, ಆವೃತ್ತಿ ಎರಡೂ ಸರಿಯಿದ್ದರೂ ಕೆಡುವ ಬಗೆಗೆ ಒಂದು ಉದಾಹರಣೆ. ಕಂಟೇನರಿಗೆ ಒಂದು ಜಿಬಿ ನೆನಪನ್ನು ಮಿತಿಯಾಗಿ ಕೊಟ್ಟಿದ್ದೇವೆ ಎನ್ನಿ, ಯಂತ್ರದಲ್ಲಿ 64 ಜಿಬಿ ಇದೆ. ಹಳೆಯ ಜಾವಾ 8ಕ್ಕೆ ಪೆಟ್ಟಿಗೆಯ ಗೋಡೆಯೇ ಕಾಣುತ್ತಿರಲಿಲ್ಲ. ಅದು ಇಡೀ ಯಂತ್ರವನ್ನು ನೋಡಿ ಅದರ ಕಾಲುಭಾಗ ತನ್ನದೆಂದು ಹರಡಿಕೊಳ್ಳುತ್ತಿತ್ತು, ಮಿತಿ ದಾಟಿದೊಡನೆ ಲಿನಕ್ಸ್ ಅದನ್ನು ಕೊಂದುಹಾಕುತ್ತಿತ್ತು. ಗೋಡೆ ಕಾಣುವ ಕಣ್ಣು ಬಂದದ್ದು 2018ರಲ್ಲಿ, ಜಾವಾ 10ರೊಂದಿಗೆ. ಅದೇ ವರ್ಷದ ಕೊನೆಗೆ ಜಾವಾ 8ರ 191ನೇ ಪರಿಷ್ಕರಣೆಗೂ ಅದನ್ನು ತಂದರು. ಎಂದರೆ ‘ಜಾವಾ 8’ ಎಂದು ಬರೆದ ಚೀಟಿ ನಿಜವನ್ನೇ ಹೇಳಿಯೂ ಸಾಲದಾಗುತ್ತದೆ. ಆಲ್ಪೈನ್ ಎಂಬ ಪುಟ್ಟ ಇಮೇಜಿನ ಕಥೆಯೂ ಇಂಥದೇ. ಐದಾರು ಎಂಬಿಯಷ್ಟೇ ತೂಗುತ್ತದೆಂದು ಎಲ್ಲರಿಗೂ ಅಚ್ಚುಮೆಚ್ಚು, ಆದರೆ ಅದರೊಳಗಿನ ಮೂಲ ಸಿ ಗ್ರಂಥಾಲಯವೇ ಬೇರೆಯಾದ್ದರಿಂದ ಸಾಮಾನ್ಯ ಲಿನಕ್ಸಿಗೆಂದು ಕಟ್ಟಿದ ಎಷ್ಟೋ ಸರಕು ಅಲ್ಲಿ ಏಳುವುದೇ ಇಲ್ಲ.

ನಮ್ಮ ಅಜ್ಜಿಯರಿಗೆ ಈ ವಿದ್ಯೆ ಗೊತ್ತಿತ್ತು. ಉಪ್ಪಿನಕಾಯಿಗೆ ಭರಣಿ, ಮೊಸರಿಗೆ ಗಡಿಗೆ, ಗೊಜ್ಜಿಗೆ ಕಲ್ಚಟ್ಟಿ. ಹುಣಸೆಹುಳಿ ಬಿದ್ದ ಅಡುಗೆಯನ್ನು ಹಿತ್ತಾಳೆ ಪಾತ್ರೆಯಲ್ಲಿ ಮಾಡಬಹುದು, ಕಲಾಯಿ ಇದ್ದರೆ ಮಾತ್ರ. ಪಾತ್ರೆ ಅದೇ, ಅಳತೆ ಅದೇ, ಒಳಗಿನ ಕಲಾಯಿ ಸವೆದಿದ್ದರೆ ಅಡುಗೆ ಕಿಲುಬು. ಕಂಟೇನರಿಗೂ ಕಲಾಯಿ ಸವೆಯುತ್ತದೆ. 2021ರ ಡಿಸೆಂಬರಿನಲ್ಲಿ ಲಾಗ್4ಜೆ ಎಂಬ ಸಣ್ಣ ಜಾವಾ ಗ್ರಂಥಾಲಯದಲ್ಲಿ ಭಾರಿ ಬಿರುಕು ಕಂಡಾಗ ಜಗತ್ತಿನ ಲೆಕ್ಕವಿಲ್ಲದಷ್ಟು ಇಮೇಜುಗಳು ರಾತ್ರೋರಾತ್ರಿ ಅಯೋಗ್ಯವಾದವು. ಬ್ಯಾಂಕುಗಳ ಎಂಜಿನಿಯರುಗಳು ಆ ವಾರ ಮಾಡಿದ ಮುಖ್ಯ ಕೆಲಸವೆಂದರೆ ‘ಇದು ನಮ್ಮ ಯಾವ ಯಾವ ಪೆಟ್ಟಿಗೆಯಲ್ಲಿದೆ?’ ಎಂದು ಹುಡುಕಿದ್ದು. 2024ರ ಜೂನ್ 30ಕ್ಕೆ ಸೆಂಟ್‌ಓಎಸ್ 7 ಎಂಬ ಲಿನಕ್ಸಿನ ಆಯುಸ್ಸು ಮುಗಿಯಿತು, ಅದರ ಮೇಲೆ ಕಟ್ಟಿದ ಇಮೇಜುಗಳಿಗೆ ಆ ದಿನದಿಂದ ಕಲಾಯಿ ಹಾಕುವವರಿಲ್ಲ. ಒಮ್ಮೆ ಹೊಂದಿಸಿ ಕೈತೊಳೆದುಕೊಳ್ಳುವ ಸಾಧನಗಳ ದೊಡ್ಡ ಕೊರತೆ ಇದೇ.

ಎರಡನೆಯ ಕೆಲಸ, ಜಾಗದ ಅಳತೆ. ಇಲ್ಲಿ ಬಂದರಿನವರು ನಮಗಿಂತ ಮುಂದಿದ್ದಾರೆ. 2007ರ ಜನವರಿಯಲ್ಲಿ ‘ಎಂಎಸ್‌ಸಿ ನಾಪೊಲಿ’ ಹಡಗು ಇಂಗ್ಲಿಷ್ ಕಾಲುವೆಯ ಬಿರುಗಾಳಿಯಲ್ಲಿ ಮೈ ಒಡೆದುಕೊಂಡು ದಡ ಸೇರಿತು. ತನಿಖೆಯವರು ಅದರ ಡೆಕ್ ಮೇಲಿನ ಪೆಟ್ಟಿಗೆಗಳನ್ನು ತೂಗಿ ನೋಡಿದರೆ ಸುಮಾರು ಐದರಲ್ಲೊಂದು, ಹೇಳಿಕೊಂಡ ತೂಕಕ್ಕಿಂತ ಮೂರು ಟನ್ನಿಗೂ ಮೀರಿ ಬೇರೆಯಾಗಿತ್ತು. ಹಡಗಿನ ಮೇಲೆ ಯಾವ ಪೆಟ್ಟಿಗೆ ಎಲ್ಲಿ ಎಂದು ಹೊಂದಿಸುವ ಸಾಫ್ಟ್‌ವೇರ್ ಎಷ್ಟೇ ಜಾಣವಾಗಿರಲಿ, ಸುಳ್ಳು ತೂಕ ಕೊಟ್ಟರೆ ಹಡಗು ವಾಲುವಂತೆಯೇ ಹೊಂದಿಸುತ್ತದೆ. ಇಂಥ ಅನುಭವಗಳ ನಂತರ 2016ರ ಜುಲೈ 1ರಿಂದ, ತೂಗಿ ದೃಢಪಡಿಸಿದ ತೂಕವಿಲ್ಲದ ಪೆಟ್ಟಿಗೆಯನ್ನು ಹಡಗಿಗೆ ಏರಿಸುವಂತಿಲ್ಲ ಎಂಬ ಅಂತರರಾಷ್ಟ್ರೀಯ ನಿಯಮ ಬಂತು. ನ್ಹಾವಾ ಶೇವಾಕ್ಕೂ ಅದೇ ನಿಯಮ.

ಕುಬರ್ನೆಟೀಸಿನಲ್ಲಿ ಇಂಥ ತಕ್ಕಡಿ ಕಡ್ಡಾಯವಿಲ್ಲ. ಎಷ್ಟು ಪ್ರೊಸೆಸರ್, ಎಷ್ಟು ನೆನಪು ಬೇಕೆಂದು ಬರೆಯುವವನು ಪ್ರೋಗ್ರಾಮಿನ ಮಾಲೀಕನೇ. ಕಡಿಮೆ ಬರೆದು ಮಧ್ಯರಾತ್ರಿ ಕುಸಿದರೆ ಫೋನ್ ಬರುವುದು ಅವನಿಗೆ, ಹೆಚ್ಚು ಬರೆದರೆ ಬಿಲ್ಲು ಹೋಗುವುದು ಕಂಪನಿಗೆ. ಅವನು ಏನು ಬರೆಯುತ್ತಾನೆಂದು ಊಹಿಸಲು ಸಂಶೋಧನೆ ಬೇಕಿಲ್ಲ, ಆದರೂ ಗೂಗಲ್ ಲೆಕ್ಕ ಹಾಕಿ ತೋರಿಸಿತು. 2020ರಲ್ಲಿ ಅದು ಪ್ರಕಟಿಸಿದ ‘ಆಟೋಪೈಲಟ್’ ಪ್ರಬಂಧದ ಪ್ರಕಾರ, ಮನುಷ್ಯರು ಅಳತೆ ಗೊತ್ತುಮಾಡಿದ ಕೆಲಸಗಳಲ್ಲಿ ಕೇಳಿ ಪಡೆದು ಬಳಸದೆ ಬಿಟ್ಟ ಪಾಲು ಶೇ. 46. ಹಿಂದಿನ ಬಳಕೆ ನೋಡಿ ಯಂತ್ರ ಗೊತ್ತುಮಾಡಿದ ಕಡೆ ಶೇ. 23. ನೆನಪು ಸಾಲದೆ ತೀವ್ರವಾಗಿ ಬಳಲಿದ ಕೆಲಸಗಳ ಸಂಖ್ಯೆ ಹತ್ತನೇ ಒಂದಕ್ಕೆ ಇಳಿಯಿತು. ಮೂರು ಕೆಲಸಗಳಲ್ಲಿ ಯಂತ್ರವನ್ನು ಕಣ್ಣುಮುಚ್ಚಿ ಅಲ್ಲದಿದ್ದರೂ ಅರೆಗಣ್ಣಿನಲ್ಲಿ ನಂಬಬಹುದಾದದ್ದು ಇದೊಂದೇ. ಇಲ್ಲಿ ಚೀಟಿ ಬರೆಯುವುದು ಮನುಷ್ಯನ ಭಯವಲ್ಲ, ತಕ್ಕಡಿ.

ಹಾಗೆಂದು ನಿನ್ನೆಯ ತಕ್ಕಡಿ ನಾಳೆಗೆ ಸಾಕೇ? 2019ರ ಜುಲೈ 10ರಂದು ಭಾರತ–ನ್ಯೂಜಿಲೆಂಡ್ ವಿಶ್ವಕಪ್ ಸೆಮಿಫೈನಲನ್ನು ಹಾಟ್‌ಸ್ಟಾರಿನಲ್ಲಿ ಏಕಕಾಲಕ್ಕೆ 2.53 ಕೋಟಿ ಜನ ನೋಡಿದರು. ಧೋನಿ ರನ್ ಔಟ್ ಆದ. ಜನ ಕೂಡಲೇ ಆಟ ಬಿಟ್ಟು ಹಿಂದಕ್ಕೆ ಒತ್ತಿದರು. ಆಟ ತೋರಿಸುವ ಘಟಕ ದಿಢೀರನೆ ಖಾಲಿ, ಮುಖಪುಟ ತೋರಿಸುವ ಘಟಕಕ್ಕೆ ದಿಢೀರನೆ ನೂಕುನುಗ್ಗಲು. ಆ ಸಂಸ್ಥೆಯ ಎಂಜಿನಿಯರುಗಳು ಇದನ್ನು ಆಮೇಲೆ ಸಭೆಗಳಲ್ಲಿ ವಿವರಿಸಿದ್ದಾರೆ. ಕ್ಲೌಡ್ ಕಂಪನಿಯ ಸಿದ್ಧ ಸ್ವಯಂಚಾಲಿತ ಹಿಗ್ಗುವಿಕೆಯನ್ನು ಅವರು ನೆಚ್ಚಲಿಲ್ಲ. ಹೊಸ ಯಂತ್ರ ಎದ್ದು ನಿಲ್ಲುವಷ್ಟರಲ್ಲಿ ಲಕ್ಷಾಂತರ ಜನ ಬಂದಿರುತ್ತಾರೆ. ಎಷ್ಟು ವೀಕ್ಷಕರಿಗೆ ಎಷ್ಟು ಯಂತ್ರ ಎಂದು ಮೆಟ್ಟಿಲು ಮೆಟ್ಟಿಲಾಗಿ ಮೊದಲೇ ಗೊತ್ತುಮಾಡಿಕೊಂಡು, ಜನ ಬರುವ ಮುಂಚೆಯೇ ಏರಿಸುವ ವ್ಯವಸ್ಥೆಯನ್ನು ತಾವೇ ಕಟ್ಟಿಕೊಂಡರು. 2023ರ ನವೆಂಬರ್ 19ರ ಫೈನಲ್ ಹೊತ್ತಿಗೆ ಆ ಸಂಖ್ಯೆ 5.9 ಕೋಟಿಗೆ ಏರಿತ್ತು. ಚರ್ಚ್‌ಗೇಟಿಗೆ ಹೋಗುವ ಬೆಳಗಿನ ಲೋಕಲ್ ಅಂಧೇರಿಗೆ ಬಂದ ಮೇಲೆ ಡಬ್ಬಿ ಸೇರಿಸಲು ಹೊರಡುವವರಿಲ್ಲ, ಹನ್ನೆರಡೋ ಹದಿನೈದೋ ಡಬ್ಬಿಯೆಂದು ಕಾರ್‌ಶೆಡ್ಡಿನಲ್ಲೇ ತೀರ್ಮಾನವಾಗಿರುತ್ತದೆ.

ಮುಂಬಯಿಯ ಮಾತು ಬಂದಾಗ ಡಬ್ಬಾವಾಲಾಗಳ ಉದಾಹರಣೆ ಕೊಡದಿದ್ದರೆ ಓದುಗರು ಕ್ಷಮಿಸುವುದಿಲ್ಲ ಎಂಬ ಭಾವನೆ ಲೇಖಕರಲ್ಲಿದೆ. ಅದು ಇಲ್ಲಿ ಹೊಂದುವುದಿಲ್ಲ. ಡಬ್ಬಕ್ಕೆ ಅನ್ನ ಹೊಂದಿಸುವುದು ಮನೆಯಾಕೆ, ಅವರು ಹೊಂದಿಸುವುದು ದಾರಿ.

ಮೂರನೆಯದು ದಾರಿ ಮತ್ತು ಜಾಗ: ಯಾವ ಪೆಟ್ಟಿಗೆ ಯಾವ ಯಂತ್ರದ ಮೇಲೆ. ಗಣಿತದಲ್ಲಿ ಇದು ಡಬ್ಬಿ ತುಂಬುವ ಸಮಸ್ಯೆ, ಕರಾರುವಾಕ್ಕಾದ ಉತ್ತರಕ್ಕೆ ಎಲ್ಲ ಸಂದರ್ಭದಲ್ಲೂ ನಡೆಯುವ ವೇಗದ ವಿಧಾನ ಯಾರಿಗೂ ಸಿಕ್ಕಿಲ್ಲ. ದೊಡ್ಡದನ್ನು ಮೊದಲು ಇಟ್ಟು ಹಿಡಿಸಿದ ಕಡೆ ತುಂಬುತ್ತ ಹೋದರೆ ಅತ್ಯುತ್ತಮ ಉತ್ತರದ ಪ್ರತಿ ಒಂಬತ್ತು ಡಬ್ಬಿಗೆ ಸ್ಥೂಲವಾಗಿ ಹನ್ನೊಂದು ಡಬ್ಬಿ ಸಾಕೆಂದು 1970ರ ದಶಕದಲ್ಲೇ ಡೇವಿಡ್ ಜಾನ್ಸನ್ ತೋರಿಸಿದ್ದಾರೆ. ಊರಿಗೆ ಹೊರಡುವಾಗ ಟ್ರಂಕು ತುಂಬಿದವರಿಗೆ ಇದು ಹೊಸದಲ್ಲ. ಕುಬರ್ನೆಟೀಸ್ ಇನ್ನೂ ಸರಳ. ಹಿಡಿಸದ ಯಂತ್ರಗಳನ್ನು ಮೊದಲು ಸೋಸುತ್ತದೆ, ಉಳಿದವಕ್ಕೆ ಅಂಕ ಕೊಡುತ್ತದೆ, ಹೆಚ್ಚು ಅಂಕದ್ದಕ್ಕೆ ಪೆಟ್ಟಿಗೆ ಇಳಿಸುತ್ತದೆ. ಇಳಿಸಿದ ಮೇಲೆ ಸುತ್ತಲ ಪರಿಸ್ಥಿತಿ ಬದಲಾದರೂ ತಾನಾಗಿ ಎತ್ತಿ ಬೇರೆಡೆ ಇಡುವುದಿಲ್ಲ, ಅದಕ್ಕೆ ಬೇರೆ ಸಾಧನ ಬೇಕು. ಹೇಳದೆ ಬಿಟ್ಟರೆ ಅದು ಖಾಲಿ ಹೆಚ್ಚಿರುವ ಯಂತ್ರಕ್ಕೇ ಒಲವು ತೋರುತ್ತದೆ. ಒಂದರ ಮೇಲೊಂದು ಒತ್ತಿ ತುಂಬಿ ದುಡ್ಡು ಉಳಿಸಬೇಕೆಂದರೆ ಆ ಒಲವನ್ನು ನಾವೇ ತಿರುಗಿಸಬೇಕು.

ಈ ನಗರದಲ್ಲಿ ಅಂಕಕ್ಕಿಂತ ಸೋಸುವ ಹಂತವೇ ಮುಖ್ಯ, ಸೋಸುವ ಜರಡಿಯನ್ನು ಹೆಣೆಯುವವರು ಫೋರ್ಟಿನಲ್ಲೂ ಬಾಂದ್ರಾ–ಕುರ್ಲಾ ಸಂಕೀರ್ಣದಲ್ಲೂ ಇದ್ದಾರೆ. 2018ರ ಏಪ್ರಿಲಿನಲ್ಲಿ ರಿಸರ್ವ್ ಬ್ಯಾಂಕು, ಪಾವತಿಗೆ ಸಂಬಂಧಿಸಿದ ಇಡೀ ದತ್ತಾಂಶ ಭಾರತದಲ್ಲಷ್ಟೇ ಇರಬೇಕೆಂದು ಆರು ತಿಂಗಳ ಗಡುವು ಕೊಟ್ಟಿತು. ಆ ಗಡುವು ಮುಗಿದಂದಿನಿಂದ ಪಾವತಿಯ ಡೇಟಾಬೇಸ್ ಇರುವ ಪೆಟ್ಟಿಗೆಗೆ ಸಿಂಗಪುರದ ಯಂತ್ರ ಎಷ್ಟೇ ಅಗ್ಗವಾದರೂ ಹೊಂದುವುದಿಲ್ಲ. 2016ರ ಜೂನಿನಲ್ಲಿ ಅಮೆಜಾನ್ ತನ್ನ ಮುಂಬಯಿ ವಲಯ ತೆರೆದಿತ್ತು, ಅದರ ಬೆಲೆ ಎಷ್ಟೆಂದು ಅನೇಕರಿಗೆ ತಿಳಿದದ್ದು ಈ ಸುತ್ತೋಲೆ ಬಂದ ಮೇಲೆ. 2023ರ ಮಾರ್ಚಿನಲ್ಲಿ ಸೆಬಿ ಷೇರುಪೇಟೆಯ ಸಂಸ್ಥೆಗಳು ಕ್ಲೌಡ್ ಬಳಸಲು ಪಾಲಿಸಬೇಕಾದ ಚೌಕಟ್ಟನ್ನು, ಅದರ ಮರುತಿಂಗಳು ರಿಸರ್ವ್ ಬ್ಯಾಂಕ್ ಐಟಿ ಹೊರಗುತ್ತಿಗೆಯ ನಿರ್ದೇಶನವನ್ನು ಹೊರಡಿಸಿದವು. ಸೆಬಿಯ ಪ್ರಕಾರ ಸರ್ಕಾರದ ಪಟ್ಟಿಯಲ್ಲಿರುವ ಕ್ಲೌಡ್ ಕಂಪನಿಯೇ ಆಗಿರಬೇಕು, ದತ್ತಾಂಶ ದೇಶದ ಗಡಿಯೊಳಗೇ ಇರಬೇಕು. ಎರಡರ ಪ್ರಕಾರವೂ ಹೊರಗಿನವರಿಗೆ ವಹಿಸಿದರೂ ಹೊಣೆ ಮಾತ್ರ ಸಂಸ್ಥೆಯದೇ.

ಯಂತ್ರಕ್ಕೆ ಇದನ್ನೆಲ್ಲ ಕಲಿಸಲು ಕಷ್ಟವಿಲ್ಲ. ‘ಈ ಚಿಹ್ನೆಯ ಪೆಟ್ಟಿಗೆ ಈ ಚಿಹ್ನೆಯ ಯಂತ್ರದ ಮೇಲಷ್ಟೇ’ ಎಂದು ನಾಲ್ಕು ಸಾಲು ಬರೆದರೆ ಕುಬರ್ನೆಟೀಸ್ ಚಾಚೂ ತಪ್ಪದೆ ಪಾಲಿಸುತ್ತದೆ. ಯಾವ ಪೆಟ್ಟಿಗೆಯೊಳಗೆ ಪಾವತಿಯ ದತ್ತಾಂಶವಿದೆ ಎಂದು ತಿಳಿಯುವುದು ಕಷ್ಟ. ದೋಷ ಹುಡುಕಲೆಂದು ಎಲ್ಲವನ್ನೂ ಬರೆದಿಡುವ ದಾಖಲೆಯ ಘಟಕವೊಂದು ಯಾರಿಗೂ ಗೊತ್ತಿಲ್ಲದೆ ಕಾರ್ಡಿನ ಅಂಕೆಗಳನ್ನೂ ಬರೆದಿಡುತ್ತಿದ್ದರೆ ಚಿಹ್ನೆ ಹಚ್ಚುವವರು ಯಾರು? ಬಂದರಿನಲ್ಲೂ ಇದೇ ಗೋಳು. ಉರಿಯುವ ರಾಸಾಯನಿಕವನ್ನು ಸಾಮಾನ್ಯ ಸರಕೆಂದು ಬರೆಸಿ ಏರಿಸಿದ ಪೆಟ್ಟಿಗೆಗಳಿಂದ ಹಡಗುಗಳಿಗೆ ಬೆಂಕಿ ಬಿದ್ದದ್ದುಂಟು. ಉರಿಯುವುದನ್ನು ಬಿಸಿಯಿಂದ ದೂರ ಇಡಬೇಕೆಂಬ ನಿಯಮ ಅಲ್ಲಿ ಚೆನ್ನಾಗಿಯೇ ಇದೆ, ಚೀಟಿ ಸುಳ್ಳು.

ಷೇರು ವಿನಿಮಯ ಕೇಂದ್ರಗಳ ಅಕ್ಕಪಕ್ಕದಲ್ಲಿ ಯಂತ್ರವಿಟ್ಟು ವ್ಯವಹರಿಸುವ ದಲ್ಲಾಳಿಗಳ ಲೋಕ ಬೇರೆಯೇ. ಮೈಕ್ರೋಸೆಕೆಂಡು ಎಣಿಸುವವರಿಗೆ ಹಂಚಿಕೊಂಡ ಯಂತ್ರ ಆಗಿಬರುವುದಿಲ್ಲ. ಪ್ರೋಗ್ರಾಮನ್ನು ಪ್ರೊಸೆಸರಿನ ಇಂಥದೇ ಕೋರಿಗೆ ಕಟ್ಟಿಹಾಕಿ, ಅದರ ನೆನಪೂ ಅದೇ ಬದಿಯದಾಗಿರುವಂತೆ ನೋಡಿಕೊಳ್ಳುತ್ತಾರೆ. ಕುಬರ್ನೆಟೀಸಿನಲ್ಲೂ ಅದಕ್ಕೆ ಅನುಕೂಲವಿದೆ, ಆದರೂ ಆ ಮಂದಿಗೆ ಹೊಂದಿಸುವ ಯಂತ್ರದ ಮೇಲೆ ಅನುಮಾನ ಹೋಗಿಲ್ಲ.

ಈಗ ಜರಡಿಗೆ ಹೊಸ ಸರಕು ಬಂದಿದೆ. 2020ರಲ್ಲಿ ಪನ್ವೇಲಿನಲ್ಲಿ ತೆರೆದ ಯೊಟ್ಟಾದ ಡೇಟಾ ಸೆಂಟರಿಗೆ 2024ರಲ್ಲಿ ಎನ್ವಿಡಿಯಾದ ಎಚ್100 ಚಿಪ್ಪುಗಳು ಬಂದಿಳಿದವು. ಒಂದು ಚಿಪ್ಪನ್ನು ತುಂಡು ಮಾಡಿ ನಾಲ್ಕಾರು ಪೆಟ್ಟಿಗೆಗೆ ಹಂಚಬಹುದು, ಎಂಟು ಚಿಪ್ಪನ್ನು ಒಂದೇ ಕೆಲಸಕ್ಕೆ ಬಿಗಿಯಬಹುದು, ಅವು ಒಂದಕ್ಕೊಂದು ಹೇಗೆ ತಂತಿಯಲ್ಲಿ ಜೋಡಿಸಿವೆ ಎಂಬುದರ ಮೇಲೆ ವೇಗ ಏರಿಳಿಯುತ್ತದೆ. ಕುಬರ್ನೆಟೀಸಿನ ಹಳೆಯ ಚೀಟಿಯಲ್ಲಿ ‘ಇಂಥ ಚಿಪ್ಪು, ಎರಡು’ ಎಂದಷ್ಟೇ ಬರೆಯಲು ಜಾಗವಿತ್ತು. 2025ರ ಆಗಸ್ಟಿನ 1.34ನೇ ಆವೃತ್ತಿಯಲ್ಲಿ ನೆಲೆಗೊಂಡ ಹೊಸ ಪದ್ಧತಿಯಲ್ಲಿ ಚಿಪ್ಪಿನ ನೆನಪೆಷ್ಟು, ಮಾದರಿ ಯಾವುದು ಎಂಬ ಗುಣಗಳನ್ನು ಉಪಕರಣವೇ ಸಾರುತ್ತದೆ, ಪೆಟ್ಟಿಗೆ ತನಗೆ ಬೇಕಾದ ಗುಣಗಳನ್ನು ಕೇಳುತ್ತದೆ. ಟೋಸ್ಕಾದ ಜಾತಕ ಕೂಡಿಸುವಿಕೆಯೇ ಹನ್ನೆರಡು ವರ್ಷದ ಮೇಲೆ ಇನ್ನೊಂದು ಬಾಗಿಲಿನಿಂದ ಮರಳಿ ಬಂದಂತಿದೆ. ಈ ಸಲ ಗಂಡಿನ ಕಡೆಯ ಜಾತಕವನ್ನು ಯಂತ್ರವೇ ಬರೆದುಕೊಡುತ್ತಿದೆ. ಹೆಣ್ಣಿನ ಕಡೆಯದನ್ನು ಬರೆಯಬೇಕಾದವನು ಐರೋಲಿಯ ಯಾವುದೋ ಮಹಡಿಯಲ್ಲಿ ಕೂತು, ಹಿಂದಿನ ಪ್ರಾಜೆಕ್ಟಿನ ಕಡತದಿಂದ ಆ ಸಾಲುಗಳನ್ನು ನಕಲು ಮಾಡುತ್ತಿದ್ದಾನೆ.